ಹಳೆಯ ಮುರಿತ, ಹೊಸ ಮುರಿತ

ಪಾರ್ಸೆಲ್ ಬಂದಾಗ ನಾನು ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಆರಿದ ಉಪ್ಪಿಟ್ಟಿನ ಮುಂದೆ ಕೂತಿದ್ದೆ. ಗೇಟಿನ ವಾಚ್‌ಮನ್ ಅಂಕಲ್ ಫೋನ್ ಮಾಡಿ, "ಏನಮ್ಮಾ, ಹುಬ್ಬಳ್ಳಿಯಿಂದ ಡಬ್ಬ ಬಂದದೆ. ಪೇಡ ಇದ್ದರೆ ನನಗೂ ಒಂದೆರಡು ಇಟ್ಟು ಹೋಗು" ಅಂದರು. ಉಪ್ಪಿಟ್ಟನ್ನು ಅಲ್ಲೇ ಬಿಟ್ಟು ಓಡಿದೆ. ಹನ್ನೊಂದು ದಿನದಿಂದ ಕಾಯುತ್ತಿದ್ದ ಡಬ್ಬ ಅದು. ಒಳಗಿದ್ದದ್ದು ಪೇಡವಲ್ಲ, ಯಾರೋ ಬಳಸಿ ಬಿಟ್ಟ ಹಳೆಯ ಪ್ರೊಸೆಸರ್. ನನ್ನ ಪಾಲಿಗೆ ಪೇಡಕ್ಕಿಂತ ಹೆಚ್ಚಿನದು.

ನಾನು ಮೈಸೂರಿನಲ್ಲಿ ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಶಾಸನ ಓದುವವಳಿಗೆ ಪ್ರೊಸೆಸರ್ ಯಾಕೆ ಎಂದು ಅಮ್ಮನೂ ಕೇಳಿದ್ದಳು. ಹಿಂದೆ ಶಾಸನವನ್ನು ಅಧ್ಯಯನ ಮಾಡುವವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಿದ್ದರು. ಈಗಲೂ ತೆಗೆಯುತ್ತಾರೆ. ಅದರ ಜೊತೆಗೆ ಇನ್ನೊಂದು ದಾರಿ ಬಂದಿದೆ. ಒಂದೇ ಕಲ್ಲನ್ನು ಸುತ್ತಲಿನಿಂದ ನೂರೈವತ್ತು ಇನ್ನೂರು ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಅದು ಫೋಟೊದಿಂದ ಫೋಟೊಗೆ ಹೊಂದುವ ಬಿಂದುಗಳನ್ನು ಹುಡುಕಿ, ಕಲ್ಲಿನ ಉಬ್ಬುತಗ್ಗುಗಳನ್ನು ಮೂರು ಆಯಾಮದಲ್ಲಿ ಕಟ್ಟಿಕೊಡುತ್ತದೆ. ಆಮೇಲೆ ಪರದೆಯ ಮೇಲೆ ಆ ಕಲ್ಲನ್ನು ತಿರುಗಿಸಬಹುದು, ಬೇಕಾದ ಕಡೆಯಿಂದ ಬೆಳಕು ಹಾಯಿಸಬಹುದು. ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಹತ್ತು ನಿಮಿಷ ಕಾಣಿಸಿ ಮಾಯವಾಗುವ ಅಕ್ಷರ ನಡುರಾತ್ರಿ ಹಾಸ್ಟೆಲ್ ಕೋಣೆಯಲ್ಲೂ ಕಾಣಿಸುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ತಂಡ ಅಲ್ಲಿನ ಶಾಸನಗಳನ್ನು ಹೀಗೆ ಮೂರು ಆಯಾಮದಲ್ಲಿ ದಾಖಲಿಸುತ್ತಿದೆ. ಅವರಲ್ಲಿ ಸ್ಕ್ಯಾನರ್ ಇದೆ. ನನ್ನಲ್ಲಿ ಇರುವುದು ಒಂದು ಫೋನು, ಒಂದು ಉಚಿತ ತಂತ್ರಾಂಶ ಮತ್ತು ಎಂ.ಎ. ಸೇರಿದ ವರ್ಷ ದೊಡ್ಡಪ್ಪನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರು.

ಆ ಕಂಪ್ಯೂಟರಿನ ಮಿದುಳು ಎ.ಎಂ.ಡಿ. ಕಂಪನಿಯ ರೈಜನ್ 3 1200. ನಾಲ್ಕು ಕೋರಿನದು. ಕನ್ನಡ ಟೈಪ್ ಮಾಡುವುದಕ್ಕೆ, ಸಿನಿಮಾ ನೋಡುವುದಕ್ಕೆ ಧಾರಾಳ ಸಾಕು. ಆದರೆ ಇನ್ನೂರು ಫೋಟೊ ಕೊಟ್ಟರೆ ಏದುಸಿರು ಬಿಡುತ್ತಿತ್ತು. ಒಂದು ಕಲ್ಲನ್ನು ಮಧ್ಯಮ ಗುಣಮಟ್ಟದಲ್ಲಿ ಕಟ್ಟಲು ಒಂದು ರಾತ್ರಿ, ಮರುದಿನ ಮಧ್ಯಾಹ್ನದವರೆಗೆ. ಹೆಚ್ಚಿನ ಗುಣಮಟ್ಟ ಕೇಳಿದರೆ ಎರಡು ದಿನ. ನಡುವೆ ಕರೆಂಟು ಹೋದರೆ ಮೊದಲಿಂದ ಶುರು. ಅದೇ ಬೋರ್ಡಿಗೆ ಹೊಂದುವ, ಆರು ಕೋರಿನ ರೈಜನ್ 5 3600 ಹಾಕಿದರೆ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಯುತ್ತದೆ ಎಂದು ಪಕ್ಕದ ಕೋಣೆಯ ಭೌತಶಾಸ್ತ್ರದ ಗೆಳತಿ ಲೆಕ್ಕ ಹಾಕಿ ಹೇಳಿದಳು. 2019ರಲ್ಲಿ ಬಂದ ಪ್ರೊಸೆಸರ್ ಅದು, ಈಗ ಹಳತು. ಹಳತು ಎಂದರೆ ಅಗ್ಗ. ನನ್ನ ಫೆಲೋಶಿಪ್ಪು ಐದು ತಿಂಗಳಿಂದ ಬಂದಿರಲಿಲ್ಲ. ಒಬ್ಬರ ಪುಸ್ತಕದ ಕರಡು ತಿದ್ದಿದ ದುಡ್ಡಿನಲ್ಲಿ 4,800 ರೂಪಾಯಿ ಕೊಟ್ಟು, ಹಳೆಯ ಬಿಡಿಭಾಗ ಮಾರುವ ಹುಬ್ಬಳ್ಳಿಯ ಒಬ್ಬನಿಂದ ಆನ್‌ಲೈನಿನಲ್ಲಿ ತರಿಸಿದೆ. ಹೊಸ ಪ್ರೊಸೆಸರನ್ನು ಗುರುತು ಹಿಡಿಯಲೆಂದು ಬೋರ್ಡಿನ ಬಯಾಸನ್ನು ಮೊದಲೇ ನವೀಕರಿಸಿ, ಮನೆಗೆ ಹೊಸ ಸೊಸೆ ಬರುವ ಹಾಗೆ ಎಲ್ಲ ಸಿದ್ಧ ಮಾಡಿಕೊಂಡಿದ್ದೆ.

ಅವಸರ ಇದ್ದದ್ದು ಒಂದು ಕಲ್ಲಿಗಾಗಿ. ನಮ್ಮೂರಿನ ಕೆರೆ ಏರಿಯ ಕೆಳಗೆ ಅರ್ಧ ಹೂತುಹೋಗಿರುವ ವೀರಗಲ್ಲು. ಮೂರು ತಲೆಮಾರಿನವರು ಅದರ ಮೇಲೆ ಕುಡುಗೋಲು ಮಸೆದಿದ್ದಾರೆ. ಹಬ್ಬಕ್ಕೆ ಸುಣ್ಣ ಬಳಿದಿದ್ದಾರೆ, ಎಣ್ಣೆ ಹಚ್ಚಿದ್ದಾರೆ. ಮೇಲಿನ ಪಟ್ಟಿಯಲ್ಲಿ ನಾಲ್ಕು ಸಾಲು ಬರಹ. ಮೂರನೆಯ ಸಾಲಿನಲ್ಲಿ ನಮ್ಮೂರಿನ ಹೆಸರಿನ ಮೂರು ಅಕ್ಷರ ಇದೆ ಎಂದು ನಾನು ಓದಿದ್ದೆ. ಇದ್ದರೆ ನಮ್ಮೂರಿನ ಹೆಸರು ಸಿಗುವ ಅತಿ ಹಳೆಯ ಬರಹ ಅದೇ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಆ ಮೂರು ಅಕ್ಷರಗಳ ಮೇಲೆ ನಿಂತಿತ್ತು. ನನ್ನ ಗೈಡ್ ಮೇಷ್ಟ್ರು ಆ ಅಧ್ಯಾಯ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಒಂದೇ ಪ್ರಶ್ನೆ ಕೇಳಿದ್ದರು. "ಏನಮ್ಮಾ, ಇದು ಕಲ್ಲಲ್ಲಿ ಕಂಡದ್ದಾ, ನಿನಗೆ ಬೇಕಾದದ್ದಾ?"

ಕಂಡದ್ದು ಸಾರ್ ಎಂದೆ. ಹಾಗಾದರೆ ಇನ್ನೂ ಸ್ಪಷ್ಟವಾದ ಚಿತ್ರ ತೆಗೆದುಕೊಂಡು ಬಾ, ನಾನೂ ನೋಡುತ್ತೇನೆ ಎಂದಿದ್ದರು. ಕೊಲೊಕ್ವಿಯಂಗೆ ಮೂರು ವಾರ ಉಳಿದಿತ್ತು.

ಸರಿ, ಡಬ್ಬದ ವಿಷಯಕ್ಕೆ ಬರುತ್ತೇನೆ. ಯಾವುದೋ ಮೊಬೈಲ್ ಫೋನಿನ ಖಾಲಿ ಡಬ್ಬ, ಅದರೊಳಗೆ ಗುಳ್ಳೆ ಪ್ಲಾಸ್ಟಿಕ್ಕಿನ ನಾಲ್ಕು ಸುತ್ತು, ಅದರೊಳಗೆ ಪ್ರೊಸೆಸರ್. ಪ್ರೊಸೆಸರ್ ನೋಡಿರದವರಿಗೆ ಹೇಳುವುದಾದರೆ, ನಾಲ್ಕು ಸೆಂಟಿಮೀಟರ್ ಚೌಕದ ಒಂದು ಬಿಲ್ಲೆ. ಅಂಗೈ ನಡುವೆ ಕೂರುತ್ತದೆ. ಒಂದು ಮಗ್ಗುಲಿಗೆ ಲೋಹದ ಮುಚ್ಚಳ, ಅದರ ಮೇಲೆ ಹೆಸರು. ಇನ್ನೊಂದು ಮಗ್ಗುಲಿಗೆ ಚಿನ್ನದ ಲೇಪದ 1331 ಪಿನ್ನುಗಳು, ಸಾಲು ಹಿಡಿದು ನಾಟಿ ಮಾಡಿದ ಹಾಗೆ. ಪಿನ್ನಿನಿಂದ ಪಿನ್ನಿಗೆ ಸುಮಾರು ಒಂದು ಮಿಲಿಮೀಟರ್ ಅಂತರ. ಅಷ್ಟೂ ಪಿನ್ನು ನೆಟ್ಟಗೆ ನಿಂತರೆ ಮಾತ್ರ ಅದು ಬೋರ್ಡಿನ ರಂಧ್ರಗಳಲ್ಲಿ ಇಳಿಯುತ್ತದೆ. ನನ್ನ ಕೈಯಲ್ಲಿದ್ದದ್ದರ ಒಂದು ಮೂಲೆ ಮಾತ್ರ ಗಾಳಿಮಳೆಗೆ ಮಲಗಿದ ರಾಗಿ ಹೊಲದಂತೆ ಇತ್ತು. ಎಣಿಸಿದೆ. ಹನ್ನೊಂದು ಪಿನ್ನು ಒಂದೇ ದಿಕ್ಕಿಗೆ ವಾಲಿದ್ದವು. ಅದರಲ್ಲಿ ಮೂರು ಪೂರ್ತಿ ನೆಲ ಕಚ್ಚಿದ್ದವು.

ಆ ಕಂಪನಿಯೇ 2022ರಲ್ಲಿ ತಂದ ಹೊಸ ಬಗೆಯಲ್ಲಿ ಪ್ರೊಸೆಸರಿನ ಅಡಿಯಲ್ಲಿ ಪಿನ್ನುಗಳಿಲ್ಲ, ಅವು ಬೋರ್ಡಿಗೆ ಹೋಗಿವೆ. ಅಲ್ಲಿ ಡೊಂಕಾದರೆ ಬೋರ್ಡಿನ ತಲೆನೋವು. ನನ್ನದು ಹಳೆಯ ಪೀಳಿಗೆಯದು.

ಹುಬ್ಬಳ್ಳಿಯವನಿಗೆ ಫೋಟೊ ಕಳಿಸಿದೆ. ಐದು ನಿಮಿಷದಲ್ಲಿ ಅವನ ಫೋನು ಬಂತು. ದನಿ ಕೇಳಿದರೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ.

"ಮೇಡಂ, ನಾ ಕಳಸೋ ಮುಂದ ಎಲ್ಲಾ ಬರೋಬ್ಬರಿ ಇತ್ರಿ. ಹಚ್ಚಿ ನೋಡಿನ ಕಳಿಸೇನ್ರಿ."

"ಹಾಗಾದರೆ ಇದು ಹೇಗೆ ಆಯ್ತು?"

"ಬಿಚ್ಚೋ ಮುಂದ ವಿಡಿಯೋ ಮಾಡೀರೇನ್ರಿ?"

"ಇಲ್ಲ."

"ಮತ್ತ ಹೆಂಗ್ರಿ ಮೇಡಂ?"

"ಹೆಂಗೆ ಅಂದ್ರೆ? ನಾನೇನು ಸುಳ್ಳು ಹೇಳ್ತೀನಾ?"

ಈ ಪ್ರಶ್ನೆಗೆ ಅವನು ಏನು ಹೇಳಬೇಕಿತ್ತು? "ಹಂಗಲ್ರಿ ಮೇಡಂ" ಎಂದು ಸುಮ್ಮನಾದ. ಸುಮ್ಮನಾದವನ ಮೇಲೆ ಮಾತು ಬೆಳೆಸುವುದು ಸುಲಭ. ಪ್ರೊಸೆಸರಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು ಬರುತ್ತದೆ, ಅದರಲ್ಲಿ ಯಾಕೆ ಕಳಿಸಲಿಲ್ಲ ಎಂದು ಕೇಳಿದೆ. ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು ಬೇಜವಾಬ್ದಾರಿ ಎಂದೆ. ದುಡ್ಡು ವಾಪಸು ಬರದಿದ್ದರೆ ಒಂದು ಸ್ಟಾರ್ ಕೊಟ್ಟು, ಈ ಫೋಟೊಗಳನ್ನೇ ಹಾಕುತ್ತೇನೆ ಎಂದೂ ಬರೆದೆ. ಆಮೇಲೆ ಅದನ್ನು ಓದಿದ ಗೆಳತಿ, "ಇದೇನೇ, ಶಾಸನದ ಕೊನೇಲಿ ಬರೋ ಶಾಪದ ಹಾಗಿದೆ" ಎಂದು ನಕ್ಕಳು. ನಿಜ. ದಾನ ಕೊಟ್ಟದ್ದನ್ನು ಬರೆಸಿದವರು ಕೊನೆಗೆ, ಇದನ್ನು ಅಳಿದವರು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಾಪಾಶಯ ಬರೆಸುತ್ತಿದ್ದರು. ನನ್ನ ಶಾಪಾಶಯದಲ್ಲಿ ಕವಿಲೆಯ ಬದಲು ಸ್ಟಾರ್ ಇತ್ತು.

ಮೂರನೆಯ ದಿನ ದುಡ್ಡು ಬಂತು. ಪೂರ್ತಿ 4,800. ಜೊತೆಗೆ ಒಂದು ಸಂದೇಶ. "ಮೇಡಂ, ರೊಕ್ಕ ಹಾಕೇನ್ರಿ. ಮಾಲು ವಾಪಸ್ ಕಳಸೂದು ಬ್ಯಾಡ್ರಿ, ಕೊರಿಯರ್ ಖರ್ಚು ದಂಡ. ಸ್ಟಾರ್ ಅಷ್ಟ ಕಡಿಮಿ ಮಾಡಬ್ಯಾಡ್ರಿ, ಅದರ ಮ್ಯಾಲೇ ನಮ್ಮ ಹೊಟ್ಟಿ ನಡೀತದ."

ಇಲ್ಲಿಯವರೆಗೆ ನಿಮಗೆ ಹೇಳಿದ್ದು ನಾನು ಅವನಿಗೆ ಹೇಳಿದ ಕಥೆಯೇ. ಅದರಲ್ಲಿ ಒಂದು ಸಾಲು ಬಿಟ್ಟಿದ್ದೇನೆ.

ಮೆಸ್ಸಿನಿಂದ ಓಡಿ ಬಂದು, ಗೇಟಿನಿಂದ ಡಬ್ಬ ತಂದು, ಕೋಣೆಯ ಬಾಗಿಲು ಹಾಕಿ, ನಿಂತುಕೊಂಡೇ ಬ್ಲೇಡಿನಿಂದ ಗುಳ್ಳೆ ಪ್ಲಾಸ್ಟಿಕ್ ಕುಯ್ದೆ. ಕೈಯಲ್ಲಿ ಇನ್ನೂ ಉಪ್ಪಿಟ್ಟಿನ ಜಿಡ್ಡಿತ್ತು. ಕೊನೆಯ ಸುತ್ತು ಬಿಚ್ಚುವಾಗ ಬಿಲ್ಲೆ ಜಾರಿತು. ಮೊಣಕಾಲಿನ ಎತ್ತರದಿಂದ ಮೊಸಾಯಿಕ್ ನೆಲಕ್ಕೆ ಟಕ್ ಎಂದು ಬಿತ್ತು. ಎತ್ತಿಕೊಂಡು ತಿರುವಿ ನೋಡಿದೆ. ಮೂಲೆ ಡೊಂಕಾಗಿತ್ತು.

ಬೀಳುವ ಮೊದಲು ನಾನು ಪಿನ್ನಿನ ಕಡೆ ನೋಡಿರಲಿಲ್ಲ. ಇದು ನಿಜ. ಹಾಗಾಗಿ ಅದು ಡೊಂಕಾಗಿಯೇ ಬಂದಿರಬಹುದು ಎಂಬುದಕ್ಕೂ ಜಾಗ ಇತ್ತು. ಆ ಸಣ್ಣ ಜಾಗದಲ್ಲಿ ನಾನು ಪೂರ್ತಿ ಕಾಲು ಚಾಚಿ ಕೂತುಬಿಟ್ಟೆ. ಹತ್ತು ನಿಮಿಷದ ನಂತರ ಗೆಳತಿ ಬಂದಾಗ "ನೋಡೇ, ಡ್ಯಾಮೇಜ್ ಆಗಿ ಬಂದಿದೆ" ಎಂದೆ. ಯೋಚನೆ ಮಾಡಿ ಹೇಳಿದ ಸುಳ್ಳೂ ಅಲ್ಲ ಅದು. ನಾಲಿಗೆಗೆ ಮೊದಲು ಸಿಕ್ಕ ವಾಕ್ಯ. ಒಬ್ಬರಿಗೆ ಹೇಳಿದ ಮೇಲೆ ಎರಡನೆಯವರಿಗೆ ಅದನ್ನೇ ಹೇಳಬೇಕಾಯಿತು. ಎರಡನೆಯವರಿಗೆ ಹೇಳುವ ಹೊತ್ತಿಗೆ ನನಗೂ ಅದೇ ನಡೆದದ್ದು ಅನ್ನಿಸತೊಡಗಿತ್ತು. "ನಾನೇನು ಸುಳ್ಳು ಹೇಳ್ತೀನಾ" ಎಂದು ಕೇಳಿದಾಗ ನನ್ನ ದನಿಯಲ್ಲಿದ್ದ ಸಿಟ್ಟು ನಾಟಕದ್ದಲ್ಲ. ನಿಜವಾದ ಸಿಟ್ಟೇ.

ದುಡ್ಡು ಬಂದ ಮೇಲೆ ಆ ಬಿಲ್ಲೆ ನನ್ನ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಇನ್ನೊಂದನ್ನು ತರಿಸಲು ಮತ್ತೆ ಹತ್ತು ದಿನ. ಎಸೆಯುವುದೇ ಆದರೆ ಒಂದು ಕೈ ನೋಡಿಬಿಡೋಣ ಎಂದು ಗೆಳತಿ ಹೇಳಿದಳು. ಹಳೆಯ ಕಂಪ್ಯೂಟರ್ ಬಿಚ್ಚಿ ಜೋಡಿಸುವವರಲ್ಲಿ ಇದಕ್ಕೆ ಒಂದು ನಾಡಮದ್ದು ಇದೆ. ಲೆಡ್ ಹಾಕಿ ಬರೆಯುವ 0.5ರ ಪೆನ್ಸಿಲ್ ತೆಗೆದುಕೊಂಡು, ಲೆಡ್ಡನ್ನು ಹೊರಗೆ ತೆಗೆದು, ಅದರ ಲೋಹದ ಮೂತಿಯನ್ನು ಡೊಂಕಾದ ಪಿನ್ನಿಗೆ ಟೋಪಿಯಂತೆ ತೊಡಿಸಿ, ನಿಧಾನಕ್ಕೆ ಎತ್ತುವುದು. ಎತ್ತಿದ ಮೇಲೆ ಸಾಲುಗಳ ನಡುವೆ ತೆಳ್ಳನೆಯ ಕಾರ್ಡು ಹಾಯಿಸಿ ನೇರ ಇದೆಯೇ ಎಂದು ನೋಡುವುದು. ಅವಸರ ಮಾಡಿದರೆ ಪಿನ್ನು ಕೈಗೇ ಬರುತ್ತದೆ.

ಪಡಿಯಚ್ಚು ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಪುಸ್ತಕಗಳ ಮೇಲೆ ನಿಲ್ಲಿಸಿ, ಮೇಜಿನ ದೀಪವನ್ನು ಓರೆ ಮಾಡಿ ಕೂತೆ. ಕಲ್ಲಿನ ಮುಂದೆ ಕೂರುವುದು ಹೀಗೇ. ಮೊದಲು ಏನನ್ನೂ ಮುಟ್ಟದೆ ಸುಮ್ಮನೆ ನೋಡಬೇಕು ಎಂದು ಮೇಷ್ಟ್ರು ಕಲಿಸಿದ್ದರು. ಮುರಿದ ಕಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಮುರಿತದ ವಯಸ್ಸು. ಹಳೆಯ ಮುರಿತದ ಅಂಚು ಮೊಂಡಾಗಿರುತ್ತದೆ, ಕಲ್ಲಿನ ಮೈಬಣ್ಣವೇ ಅದಕ್ಕೂ ಬಂದಿರುತ್ತದೆ, ಕೆಲವೊಮ್ಮೆ ಕಲ್ಲುಹೂವು ಬೆಳೆದಿರುತ್ತದೆ. ಹೊಸ ಮುರಿತದ ಅಂಚು ಚೂಪು, ಒಳಗಿನ ತಿಳಿ ಬಣ್ಣ ಎದ್ದು ಕಾಣುತ್ತದೆ. ಊರಿನವರು "ಇದು ಮೊದಲಿಂದಲೂ ಹೀಗೇ ಇತ್ತು" ಎಂದರೂ ಕಲ್ಲು ಒಪ್ಪುವುದಿಲ್ಲ.

ಅಭ್ಯಾಸಬಲ. ಪಿನ್ನುಗಳನ್ನೂ ಹಾಗೇ ನೋಡಿದೆ. ಹನ್ನೊಂದರಲ್ಲಿ ಒಂಬತ್ತು ಒಂದೇ ರೀತಿ ಬಾಗಿದ್ದವು. ಬುಡದಿಂದ ತುದಿಯವರೆಗೆ ಒಂದೇ ಬಾಗು, ಚಿನ್ನದ ಲೇಪ ನುಣ್ಣಗೆ ಹಾಗೇ ಇತ್ತು. ಒಂದೇ ಏಟಿಗೆ ಒಂದೇ ಕಡೆಯಿಂದ ಆದದ್ದು. ಉಳಿದ ಎರಡು ಬೇರೆಯವು. ಅವೂ ಅದೇ ದಿಕ್ಕಿಗೆ ವಾಲಿದ್ದವು, ಆದರೆ ನಡುವಿನಲ್ಲಿ ಇನ್ನೊಂದು ಸಣ್ಣ ಸೊಟ್ಟ ಇತ್ತು. ಆ ಸೊಟ್ಟದ ಬಳಿ ಲೇಪ ಗೀರಿತ್ತು. ಯಾರೋ ಯಾವುದೋ ಉಪಕರಣದಿಂದ ಹಿಡಿದು ಮೊದಲೇ ಒಮ್ಮೆ ನೆಟ್ಟಗೆ ಮಾಡಿದ ಗುರುತು ಅದು.

ಅಂದರೆ ಎರಡು ಪಿನ್ನುಗಳಿಗೆ ಹಳೆಯ ಗಾಯ. ಒಂಬತ್ತಕ್ಕೆ ಹೊಸದು. ಹೊಸದು ಎಲ್ಲಿ ಆಯಿತು ಎಂಬುದಕ್ಕೆ ನಾನು ಇನ್ನೂ ಕೊರಿಯರಿನವರನ್ನು ದೂರಬಹುದಿತ್ತು. ಆದರೆ ಗುಳ್ಳೆ ಪ್ಲಾಸ್ಟಿಕ್ಕಿನ ತುಂಡು ಇನ್ನೂ ಕಸದ ಬುಟ್ಟಿಯಲ್ಲಿತ್ತು. ತೆಗೆದು ದೀಪಕ್ಕೆ ಹಿಡಿದೆ. ಒಳಸುತ್ತಿನಲ್ಲಿ ಪಿನ್ನುಗಳು ಒತ್ತಿದ್ದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿಗಳ ಚೌಕ ಮೂಡಿತ್ತು. ಒಂದು ರೀತಿಯ ಪಡಿಯಚ್ಚು. ನಾಲ್ಕೂ ಮೂಲೆಯಲ್ಲಿ ಚುಕ್ಕಿಗಳು ಸಾಲಾಗಿ ಇದ್ದವು. ಯಾವ ಮೂಲೆಯಲ್ಲೂ ಸಾಲು ಮುರಿದಿರಲಿಲ್ಲ.

ಅಷ್ಟು ಹೊತ್ತು ಆ ಪ್ಲಾಸ್ಟಿಕ್ಕನ್ನು ಹಿಡಿದುಕೊಂಡು ಕೂತಿದ್ದೆ. "ಏನಾಯ್ತೇ?" ಎಂದು ಗೆಳತಿ ಕೇಳಿದಳು. "ಏನಿಲ್ಲ ಕಣೇ" ಎಂದೆ.

ಪಿನ್ನು ಎತ್ತಲು ಎರಡು ಗಂಟೆ ಬೇಕಾಯಿತು. ಒಂಬತ್ತೂ ಹೇಳಿದ ಹಾಗೆ ಕೇಳಿದವು. ಹಳೆಯ ಗಾಯದ ಎರಡರಲ್ಲಿ ಒಂದು ಎದ್ದು ನಿಂತಿತು. ಇನ್ನೊಂದು ಪೆನ್ಸಿಲಿನ ಮೂತಿಯೊಳಗೇ ಉಳಿದುಬಿಟ್ಟಿತು. ಸದ್ದೂ ಆಗಲಿಲ್ಲ. ತಂತಿಯನ್ನು ಒಂದು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ತಡೆಯುತ್ತದೆ, ಎರಡನೆಯ ಸಲ ಅದೇ ಜಾಗದಲ್ಲಿ ದಣಿದು ಮುರಿಯುತ್ತದೆ. ಮೊದಲ ಸಲ ಬಗ್ಗಿದ್ದು ಅವನ ಕೈಯಲ್ಲಿ. ಎರಡನೆಯದು ನನ್ನ ನೆಲದ ಮೇಲೆ.

1331ರಲ್ಲಿ ಒಂದು ಹೋಯಿತು. ಈ ಪಿನ್ನುಗಳಲ್ಲಿ ನೂರಾರು ಬರೀ ವಿದ್ಯುತ್ತಿಗೆ ಮತ್ತು ಅದು ಹಿಂದಿರುಗುವ ಗ್ರೌಂಡಿಗೆ ಇರುವಂಥವು. ಅಂಥದ್ದರಲ್ಲಿ ಒಂದು ಹೋದರೆ ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಮುಖ್ಯವಾದದ್ದು ಹೋದರೆ ಎದ್ದೇಳುವುದೇ ಇಲ್ಲ. ನಮ್ಮದು ಯಾವುದೋ ಹಾಕಿಯೇ ನೋಡಬೇಕಿತ್ತು. ಹಳೆಯ ಪ್ರೊಸೆಸರನ್ನು ಬಿಡಿಸುವಾಗ ಎಚ್ಚರ ಬೇಕು. ಅದರ ತಲೆಯ ಮೇಲೆ ಶಾಖ ಸಾಗಿಸುವ ಪೇಸ್ಟು ಒಣಗಿ ಅಂಟಾಗಿರುತ್ತದೆ. ಕೂಲರನ್ನು ನೇರವಾಗಿ ಎಳೆದರೆ ಪ್ರೊಸೆಸರೂ ಅದಕ್ಕೇ ಕಚ್ಚಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಅದಕ್ಕೇ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟು ಬೆಚ್ಚಗಾದ ಮೇಲೆ ಆರಿಸಿ, ಕೂಲರನ್ನು ಮೆಲ್ಲಗೆ ತಿರುಚಿ ತೆಗೆಯಬೇಕು. ಹಾಗೆ ತೆಗೆದೆವು. ಸಾಕೆಟ್ಟಿನ ಪಕ್ಕದ ಸಣ್ಣ ಕಡ್ಡಿ ಎತ್ತಿ, ಮೂಲೆಯ ಚಿನ್ನದ ತ್ರಿಕೋನ ಹೊಂದಿಸಿ ಇಟ್ಟರೆ ಒತ್ತುವ ಅಗತ್ಯವಿಲ್ಲ, ತಾನೇ ಇಳಿಯಬೇಕು. ಇಳಿಯಿತು.

ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಗೆಳತಿ ಚಾಮುಂಡಿಬೆಟ್ಟದ ಕಡೆ ಕೈ ಮುಗಿದಳು. ಭೌತಶಾಸ್ತ್ರದವಳು! ಪರದೆ ಬೆಳಗಿತು. ಆರು ಕೋರು, ಹನ್ನೆರಡು ಥ್ರೆಡ್ಡು. ಆದರೆ ಹದಿನಾರು ಜಿ.ಬಿ. ಇರಬೇಕಾದ ಮೆಮೊರಿ ಎಂಟೇ ತೋರಿಸುತ್ತಿತ್ತು. ಮೆಮೊರಿಯ ಜೊತೆ ಮಾತಾಡಲು ಪ್ರೊಸೆಸರಿಗೆ ಎರಡು ದಾರಿ ಇರುತ್ತವೆ. ಮುರಿದ ಪಿನ್ನು ಅದರಲ್ಲಿ ಒಂದು ದಾರಿಗೆ ಸೇರಿದ್ದು. ನನ್ನ ಬೋರ್ಡಿನಲ್ಲಿ ನಾಲ್ಕು ಜಾಗ ಇದ್ದದ್ದರಿಂದ ಎರಡೂ ಮೆಮೊರಿ ಕಡ್ಡಿಗಳನ್ನು ಉಳಿದ ಒಂದೇ ದಾರಿಗೆ ಹಾಕಿದೆವು. ಹದಿನಾರೂ ಬಂತು. ಒಂದು ಕಿವಿ ಕೇಳಿಸದ ನಮ್ಮಜ್ಜಿಯ ಹಾಗೆ. ಕೊಂಚ ನಿಧಾನ, ಮಿಕ್ಕಿದ್ದಕ್ಕೆಲ್ಲ ಗಟ್ಟಿ.

ಈಗ ನನ್ನ ಬಳಿ ಪ್ರೊಸೆಸರೂ ಇತ್ತು, 4,800 ರೂಪಾಯಿಯೂ ಇತ್ತು.

ಅವತ್ತೇ ರಾತ್ರಿ ನಮ್ಮೂರಿನ ಕಲ್ಲಿನ 184 ಫೋಟೊಗಳನ್ನು ಹೆಚ್ಚಿನ ಗುಣಮಟ್ಟಕ್ಕೆ ಹಾಕಿ ಮಲಗಿದೆ. ನಿದ್ದೆ ಬರಲಿಲ್ಲ. ಫ್ಯಾನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಆ ದುಡ್ಡಿನಿಂದ ಮೆಸ್ಸಿನ ಎರಡು ತಿಂಗಳ ಬಾಕಿ ತೀರುತ್ತಿತ್ತು. ಅವನೂ ಏನು ಸಾಚಾ ಅಲ್ಲವಲ್ಲ, ಪಿನ್ನು ರಿಪೇರಿ ಮಾಡಿದ್ದನ್ನು ಮುಚ್ಚಿಟ್ಟು ಮಾರಿದ್ದಾನೆ ಎಂದು ಒಂದು ಮನಸ್ಸು ವಾದ ಹೂಡಿತು. ಗಟ್ಟಿ ವಾದವೇ. ಆದರೆ ಆ ವಾದ ಸಿಕ್ಕಿದಾಗ ಆದ ಸಮಾಧಾನ ನನಗೆ ಪರಿಚಿತವಾಗಿತ್ತು. ಮೂರನೆಯ ಸಾಲಿನಲ್ಲಿ ನಮ್ಮೂರಿನ ಹೆಸರು ಓದಿದ ದಿನವೂ ಹೀಗೇ ಸಮಾಧಾನ ಆಗಿತ್ತು.

1886ರಲ್ಲಿ ಮೊದಲ ಸಂಪುಟ ಬಂದ ಎಪಿಗ್ರಾಫಿಯಾ ಕರ್ನಾಟಿಕದಿಂದ ಹಿಡಿದು ಇವತ್ತಿನ ಸಂಪುಟಗಳವರೆಗೆ, ಶಾಸನ ಓದಿದವರು ನಮಗೆ ಅಕ್ಷರಗಳನ್ನಷ್ಟೇ ಬಿಟ್ಟು ಹೋಗಿಲ್ಲ, ಚುಕ್ಕಿಗಳನ್ನೂ ಬಿಟ್ಟು ಹೋಗಿದ್ದಾರೆ. ಕಲ್ಲು ಸವೆದು ಅಕ್ಷರ ಹೋಗಿದ್ದರೆ ಆ ಜಾಗದಲ್ಲಿ ಚುಕ್ಕಿ. ತಾನು ಊಹಿಸಿ ಸೇರಿಸಿದ ಅಕ್ಷರಕ್ಕೆ ಕಂಸ. ಮೊದಲ ವರ್ಷದಲ್ಲಿ ಆ ಚುಕ್ಕಿಗಳನ್ನು ಕಂಡರೆ ನನಗೆ ಬೇಸರ. ಇಷ್ಟು ದೊಡ್ಡ ವಿದ್ವಾಂಸರು, ಒಂದು ಅಕ್ಷರ ಊಹಿಸಲಾಗಲಿಲ್ಲವೇ ಎಂದುಕೊಳ್ಳುತ್ತಿದ್ದೆ. ಊಹಿಸಲಾಗದೆ ಅಲ್ಲ, ಊಹಿಸಿಯೂ ಬರೆಯದೆ ಬಿಟ್ಟದ್ದು ಎಂಬುದು ತಿಳಿಯಲು ಎರಡು ವರ್ಷ ಹಿಡಿಯಿತು. ತಿಳಿದಿದೆ ಎಂದುಕೊಂಡಿದ್ದೆ. ಹುಬ್ಬಳ್ಳಿಯ ಹುಡುಗನಿಗೆ ನಾನು ಬರೆದ ದೂರಿನಲ್ಲಿ ಒಂದು ಚುಕ್ಕಿಯೂ ಇರಲಿಲ್ಲ, ಒಂದು ಕಂಸವೂ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ಕಲ್ಲು ಪರದೆಯ ಮೇಲೆ ನಿಂತಿತ್ತು. ಎಡದಿಂದ ಬೆಳಕು ಹಾಯಿಸಿದೆ. ಮೊದಲ ಸಾಲು, ಎರಡನೆಯ ಸಾಲು, ಅವು ಹಿಂದೆಂದೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಮೂರನೆಯ ಸಾಲಿಗೆ ಬಂದೆ. ಊರಿನ ಹೆಸರಿನ ಮೊದಲ ಅಕ್ಷರ ಇದೆ. ಕೊನೆಯ ಅಕ್ಷರವೂ ಇದೆ ಅನ್ನಬಹುದು. ನಡುವಿನದು? ಬೆಳಕನ್ನು ಬಲಕ್ಕೆ ತಂದೆ, ಮೇಲಕ್ಕೆ ತಂದೆ, ಕೆಳಗಿನಿಂದ ಹಾಯಿಸಿದೆ. ನಾನು ಅಕ್ಷರದ ಕೊಂಬು ಎಂದು ಓದಿದ್ದ ಗೆರೆ ಸಾಲಿನಲ್ಲಿ ನಿಲ್ಲದೆ ಕೆಳಗಿನ ಸಾಲಿನವರೆಗೂ ಇಳಿದಿತ್ತು. ಅದರ ಪಕ್ಕದಲ್ಲಿ ಅದಕ್ಕೆ ಸಮನಾಗಿ ಇನ್ನೂ ನಾಲ್ಕು ಗೆರೆ. ಉಳಿಯ ಕೆಲಸವಲ್ಲ. ಕುಡುಗೋಲು ಮಸೆದ ಗುರುತು. ನಮ್ಮ ತಾತನೋ ಅವರಪ್ಪನೋ ಸುಗ್ಗಿಯ ಹೊತ್ತಿನಲ್ಲಿ ಬಿಟ್ಟು ಹೋದದ್ದು. ಅದರ ಅಡಿಯಲ್ಲಿ ಯಾವ ಅಕ್ಷರ ಇತ್ತೋ.

ಆರು ತಿಂಗಳ ಅಧ್ಯಾಯ ಅದು. ತುಂಬ ಹೊತ್ತು ಅಳು ಬರಬಹುದೇನೋ ಎಂದು ಕಾದೆ. ಬರಲಿಲ್ಲ. ಹಲ್ಲುಜ್ಜಿ ಬಂದು ಹುಬ್ಬಳ್ಳಿಗೆ ಫೋನ್ ಮಾಡಿದೆ.

"ಮೇಡಂ, ಮತ್ತ ಏನಾತ್ರಿ?" ಅವನ ದನಿಯಲ್ಲಿ ಹೆದರಿಕೆ ಇತ್ತು. ಅದನ್ನು ಕೇಳಿ ನನಗೆ ಮೊದಲ ಬಾರಿ ನಾಚಿಕೆಯಾಯಿತು.

ಎಲ್ಲ ಹೇಳಿದೆ. ಬಿಚ್ಚುವಾಗ ಕೈಜಾರಿ ಬಿದ್ದದ್ದು, ಅದನ್ನು ಹೇಳದೆ ಬಿಟ್ಟದ್ದು, ಪ್ಲಾಸ್ಟಿಕ್ಕಿನ ಮೇಲಿನ ಚುಕ್ಕಿಗಳು, ಪ್ರೊಸೆಸರ್ ಈಗ ನಡೆಯುತ್ತಿರುವುದು. ದುಡ್ಡು ವಾಪಸು ಹಾಕುತ್ತೇನೆ ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಯಾವುದೋ ಬಸ್ಸು ಹಾರ್ನ್ ಮಾಡುವುದು, ಯಾರೋ ಅವನನ್ನು ಚಹಾಕ್ಕೆ ಕರೆಯುವುದು ಕೇಳಿಸುತ್ತಿತ್ತು.

"ಅಕ್ಕಾರ" ಎಂದ. ಮೇಡಂ ಹೋಗಿ ಅಕ್ಕಾರ ಆಗಿದ್ದೆ. "ಆ ಮೂಲ್ಯಾಗಿನ ಎರಡ ಪಿನ್ ನಾನ ಒಮ್ಮೆ ನೆಟ್ಟಗ ಮಾಡಿದ್ದೆರಿ. ಕೂಲರ್ ಎಳಿಯೋ ಮುಂದ ಪ್ರೊಸೆಸರ್ ಅದಕ್ಕ ಅಂಟಗೊಂಡ ಕಿತ್ತ ಬಂತು. ನೆಟ್ಟಗ ಮಾಡಿ ಹಚ್ಚಿ ನೋಡಿದೆ, ನಡೀತು. ಹೇಳಿದ್ರ ಯಾರೂ ತಗೊಳ್ಳಂಗಿಲ್ಲ ಅಂತ ಹೇಳಲಿಲ್ರಿ. ನಿಮ್ಮ ಫೋಟೋ ಬಂದಾಗ ಅದ ಮತ್ತ ಡೊಂಕಾತೇನೋ ಅಂದ್ಕೊಂಡೆ. ಅದಕ್ಕ ರೊಕ್ಕ ಹಾಕಿಬಿಟ್ಟೆ."

"ನನಗೆ ಗೊತ್ತಾಯ್ತು, ಭೂತಗನ್ನಡಿಯಲ್ಲಿ ಕಾಣಿಸ್ತು" ಎಂದೆ.

"ಗೊತ್ತಾಗೂ ಫೋನ್ ಮಾಡೀರಿ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಇಬ್ಬರೂ ಉಲ್ಟಾ ಚೌಕಾಶಿಗೆ ಕೂತೆವು. ನಾನು ಪೂರ್ತಿ ಕೊಡುತ್ತೇನೆ ಎಂದೆ, ಅವನು ಬ್ಯಾಡ್ರಿ ಎಂದ. ನಾನು 3,500ಕ್ಕೆ ಇಳಿದೆ, ಅವನು 2,000ಕ್ಕೆ ಏರಿದ. ಒಂದು ಪಿನ್ನು ಮುರಿದದ್ದರಲ್ಲಿ ಇಬ್ಬರ ಕೈಯೂ ಇದೆ, ಅರ್ಧ ಅರ್ಧ ಅಂತಿಟ್ಟುಕೊಳ್ಳೋಣ ಎಂದು ಕೊನೆಗೆ ಅವನೇ ಹೇಳಿದ. 2,400 ಹಾಕಿದೆ. ಸ್ಟಾರ್ ನಾಲ್ಕು ಕೊಟ್ಟೆ. ಐದು ಕೊಡಲು ಮನಸ್ಸಿತ್ತು, ಆದರೆ ಪ್ಯಾಕಿಂಗ್ ನಿಜಕ್ಕೂ ಐದರದ್ದಾಗಿರಲಿಲ್ಲ. ಅದನ್ನೂ ಅವನಿಗೆ ಹೇಳಿದೆ.

"ಆ ಪ್ಲಾಸ್ಟಿಕ್ ಚಿಪ್ಪು ತರಸ್ತೇನ್ರಿ" ಎಂದು ಒಪ್ಪಿಕೊಂಡ. "ಮುಂದಿನ ಸಲ ನೀವೂ ಬಿಚ್ಚೋ ಮುಂದ ವಿಡಿಯೋ ಮಾಡ್ರಿ ಅಕ್ಕಾರ. ಸಾಕ್ಷಿ ಇರತೈತಿ."

"ಈ ಸಲ ಮಾಡಿದ್ದಿದ್ದರೆ ಅದರಲ್ಲಿ ನಾನು ಬೀಳಿಸಿದ್ದೇ ಇರುತ್ತಿತ್ತಲ್ಲ" ಎಂದೆ. ಅವನು ಜೋರಾಗಿ ನಕ್ಕ. ನಾನೂ ನಕ್ಕೆ. ಆಮೇಲೆ ಪಕ್ಕದ ಕೋಣೆಗೆ ಹೋಗಿ ಗೆಳತಿಗೂ ಹೇಳಿದೆ. ಅವಳು ನಗಲಿಲ್ಲ. "ನನಗೆ ಆವತ್ತೇ ಹೇಳಬಹುದಿತ್ತಲ್ವೇನೇ" ಎಂದಳು. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಅದಕ್ಕೆ ಅರ್ಧ ಅರ್ಧ ಮಾಡಿ ತೀರಿಸುವ ಬಗೆ ಇಲ್ಲ.

ಮೇಷ್ಟ್ರಿಗೆ ಹೊಸ ಚಿತ್ರ ತೋರಿಸಿದೆ. ಅವರು ಬೆಳಕನ್ನು ತಾವೇ ಅತ್ತಿತ್ತ ಆಡಿಸಿ ನೋಡಿದರು. ಕುಡುಗೋಲಿನ ಗೆರೆಗಳನ್ನು ಎಣಿಸಿದರು. "ಅಧ್ಯಾಯ ಏನು ಮಾಡ್ತೀಯ?" ಎಂದು ಕೇಳಿದರು. ಊರಿನ ಹೆಸರಿನ ಮಾತು ತೆಗೆದು, ವೀರಗಲ್ಲುಗಳು ಊರಿನವರ ದಿನನಿತ್ಯದ ಬಳಕೆಯಲ್ಲಿ ಹೇಗೆ ಸವೆದವು ಎಂಬುದನ್ನು ಬರೆಯುತ್ತೇನೆ ಸಾರ್, ಹತ್ತು ಕಲ್ಲುಗಳಲ್ಲಿ ಮಸೆದ ಗುರುತು ಸಿಕ್ಕಿದೆ ಎಂದೆ. ಅವರು ಕನ್ನಡಕ ಹಾಕಿಕೊಂಡು, "ಬರಿ" ಎಂದರು.

ಕೊಲೊಕ್ವಿಯಂ ಮುಗಿಯಿತು. ಆ ಪ್ರೊಸೆಸರ್ ಈಗಲೂ ನನ್ನ ಮೇಜಿನ ಕೆಳಗೆ ಓಡುತ್ತಿದೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಮುರಿದ ಪಿನ್ನನ್ನು ಎಸೆಯಲಿಲ್ಲ. ರೆಪ್ಪೆಗೂದಲಿನಷ್ಟೂ ಉದ್ದವಿಲ್ಲದ ಅದನ್ನು ಸೆಲೋಟೇಪಿನಲ್ಲಿ ಹಿಡಿದು, ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ಕಿನಲ್ಲಿ ನಮ್ಮೂರಿನ ಕಲ್ಲಿನ ಪುಟಕ್ಕೆ ಅಂಟಿಸಿದ್ದೇನೆ. ಆ ಪುಟದಲ್ಲಿ ಮೂರನೆಯ ಸಾಲಿನ ಓದು ಹೀಗಿದೆ: ಒಂದು ಅಕ್ಷರ, ಆಮೇಲೆ ಮೂರು ಚುಕ್ಕಿ, ಆಮೇಲೆ ಕಂಸದೊಳಗೆ ಇನ್ನೊಂದು ಅಕ್ಷರ.